ನಿಧಿ ಕಾಯೋ ಸರ್ಪ: ಮಧುಗಿರಿ, ಶಿರಾ, ಪಾವಗಡದ ನೆಲದಡಿ ನಿಜಕ್ಕೂ ಏನಿದೆ?

ನ್ಯೂಯಾರ್ಕಿನವರಿಗೆ ಚರಂಡಿಯೊಳಗಿನ ಮೊಸಳೆ ಹೇಗೋ, ತುಮಕೂರು ಜಿಲ್ಲೆಯ ಕೋಟೆ ಊರುಗಳಿಗೆ ನಿಧಿ ಕಾಯೋ ಸರ್ಪ ಹಾಗೆ. ಅಲ್ಲಿನ ಕತೆಗೆ ಒಂದಿಷ್ಟಾದರೂ ಆಧಾರ ಇದೆ. 1935ರ ಫೆಬ್ರುವರಿಯಲ್ಲಿ ಹಾರ್ಲೆಮ್‌ನ ಹುಡುಗರು ಮ್ಯಾನ್‌ಹೋಲ್‌ನಿಂದ ಮೊಸಳೆ ಜಾತಿಯ ಪ್ರಾಣಿಯೊಂದನ್ನು ಎಳೆದು ಹಾಕಿದ ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನಲ್ಲೇ ಬಂದಿತ್ತು. ನಮ್ಮ ಸರ್ಪವನ್ನು ಕಂಡವರು ಮಾತ್ರ ಯಾವಾಗಲೂ ಯಾರದೋ ದೊಡ್ಡಪ್ಪನ ಸ್ನೇಹಿತರು.

ನಾನು ಈ ಕತೆ ಮೊದಲು ಕೇಳಿದ್ದು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ, ಮಧುಗಿರಿಯ ಗೆಳೆಯನ ಬಾಯಲ್ಲಿ. ಬೆಟ್ಟದ ಕೋಟೆಯಿಂದ ಶಿರಾ ಕೋಟೆಗೆ ಸುರಂಗ ಇದೆ, ಅದರಲ್ಲಿ ಏಳು ಕೊಪ್ಪರಿಗೆ ಚಿನ್ನ ಇದೆ, ಏಳು ಹೆಡೆಯ ಸರ್ಪ ಅದನ್ನು ಕಾಯ್ತಿದೆ, ಹೋದವರ್ಯಾರೂ ವಾಪಸ್ ಬಂದಿಲ್ಲ. ‘ಯಾರೂ ವಾಪಸ್ ಬಂದಿಲ್ಲ ಅಂದ್ಮೇಲೆ ಏಳು ಹೆಡೆ ಎಣಿಸಿದವರ್ಯಾರೋ?’ ಅಂದಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ.

ಕತೆಗಳು ಊರೂರಿಗೂ ಸ್ವಲ್ಪ ಬೇರೆ. ಕೊರಟಗೆರೆಯ ಸಿದ್ಧರಬೆಟ್ಟದ ಗುಹೆಗಳಲ್ಲಿ ಸಿದ್ಧರು ಇನ್ನೂ ಇದ್ದಾರೆ ಅನ್ನೋ ನಂಬಿಕೆ. ಯಾರಿಗೂ ತೊಂದರೆ ಕೊಡದವರು, ಇರಲಿ ಬಿಡಿ. ಪಾವಗಡದಲ್ಲಂತೂ ಹಾವು ಊರಿನ ಹೆಸರಿನೊಳಗೇ ಸೇರಿಕೊಂಡಿದೆ. ತೆಲುಗಿನ ‘ಪಾಮು’ ಅಂದರೆ ಹಾವು. ಕೋಟೆ ಕಟ್ಟುವಾಗ ಹಾವಿನ ರೂಪ ಕೆತ್ತಿದ್ದ ಕಲ್ಲು ಸಿಕ್ಕಿತು, ಅದರಿಂದಲೇ ಆ ಹೆಸರು ಅನ್ನೋದು ಪ್ರತೀತಿ.

ಮೊದಲು ಸುರಂಗದ ಲೆಕ್ಕ ಮುಗಿಸೋಣ. ಈ ಬೆಟ್ಟಗಳೆಲ್ಲ ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಗೆ ಸೇರಿದ ಸೀಮೆಯವು. ಕ್ಲೋಸ್‌ಪೇಟ್ ಅಂದರೆ ರಾಮನಗರದ ಹಳೇ ಹೆಸರು. ಮಧುಗಿರಿಯಿಂದ ಶಿರಾಕ್ಕೆ ನೇರ ಗೆರೆ ಎಳೆದರೂ 30 ಕಿಲೋಮೀಟರ್‌ಗಿಂತ ಹೆಚ್ಚು. ನಮ್ಮ ಮೆಟ್ರೋದ ‘ಊರ್ಜಾ’ ಯಂತ್ರ ಬೆಂಗಳೂರಿನಲ್ಲಿ ಕಂಟೋನ್ಮೆಂಟ್‌ನಿಂದ ಶಿವಾಜಿನಗರದವರೆಗೆ 855 ಮೀಟರ್ ಕೊರೆದು 2021ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಅದಕ್ಕೆ ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಆ ವೇಗದಲ್ಲಿ ಹೋದರೆ ಮಧುಗಿರಿ–ಶಿರಾ ಸುರಂಗಕ್ಕೆ 35 ವರ್ಷವಾದರೂ ಬೇಕು. ಉಳಿ ಸುತ್ತಿಗೆಯ ಪಾಳೇಗಾರರಿಗೆ ಎಷ್ಟು ಬೇಕಿತ್ತೋ ನೀವೇ ಗುಣಿಸಿಕೊಳ್ಳಿ. ಕೋಟೆಗಳಲ್ಲಿ ಸುರಂಗ ಅಂತ ತೋರಿಸೋದು ಬಹುಪಾಲು ನೀರು ಹೋಗುವ ತೂಬು, ಕಳ್ಳಗಂಡಿ, ಇಲ್ಲವೇ ಬಂಡೆಗಳ ನಡುವಿನ ಸಂದು.

ನಿಧಿಯ ಆಸೆ ಮಾತ್ರ ಸುಮ್ಮನೆ ಹುಟ್ಟಿದ್ದಲ್ಲ. ಶಿರಾ 1687ರಿಂದ ಮೊಘಲರ ಸುಬಾದ ರಾಜಧಾನಿ. ಅದಕ್ಕೆ ಮುಂಚೆ ಬಿಜಾಪುರದವರು, ಆಮೇಲೆ ಮರಾಠರು, ಹೈದರ್. ಬಿದನೂರು ಬಿದ್ದ ಮೇಲೆ ಹೈದರ್ ಅಲಿ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಮಧುಗಿರಿ ಕೋಟೆಯಲ್ಲೇ. 1767ರಲ್ಲಿ ಮರಾಠರು ಬಿಡಿಸಿಕೊಂಡು ಹೋದರು. ಹತ್ತು ಹದಿನೈದು ವರ್ಷಕ್ಕೊಮ್ಮೆ ದಂಡು ಬರುವ ಊರಲ್ಲಿ, ಬ್ಯಾಂಕ್ ಇಲ್ಲದ ಕಾಲದಲ್ಲಿ, ಜನ ಕಾಸನ್ನು ಕುಡಿಕೆಯಲ್ಲಿ ಹಾಕಿ ಹೂತಿಟ್ಟರೆ ಆಶ್ಚರ್ಯ ಇಲ್ಲ. ಅಲ್ಲೊಂದು ಇಲ್ಲೊಂದು ಕುಡಿಕೆ ಸಿಗುತ್ತೆ, ನಿಜ. ಕತೆ ಅದನ್ನು ಏಳು ಕೊಪ್ಪರಿಗೆ ಮಾಡುತ್ತೆ.

ಹಾವಿನ ವಿಷಯಕ್ಕೆ ಬಂದರೆ, ಪಾಳು ಕೋಟೆಯಲ್ಲಿ ಹಾವು ಇದ್ದೇ ಇರುತ್ತೆ, ಇಲಿ ಹೆಗ್ಗಣ ಇದ್ದ ಕಡೆ ಅವೂ ಇರುತ್ತವೆ. ನಾಗರಹಾವಿನ ಆಯಸ್ಸು ಎರಡು ಮೂರು ದಶಕ ದಾಟಿದರೆ ಹೆಚ್ಚು. ನಾನೂರು ವರ್ಷದ ಕಾವಲಿಗೆ ಪಾಳಿ ಹಾಕಿಕೊಂಡು ಬರಬೇಕಾದೀತು. ಈ ನಂಬಿಕೆಗೆ ಜಾಸ್ತಿ ಬಲಿಯಾಗೋದು ಪಾಪದ ಮಣ್ಣುಮುಕ್ಕ, ಜನ ‘ಎರಡು ತಲೆ ಹಾವು’ ಅನ್ನುವುದು. ವಿಷ ಇಲ್ಲ, ಮೋಟು ಬಾಲ, ಹೆದರಿದಾಗ ತಲೆ ಬಚ್ಚಿಟ್ಟು ಬಾಲವನ್ನೇ ಎತ್ತಿ ತೋರಿಸುತ್ತೆ, ಅಷ್ಟೇ. ಅದು ನಿಧಿ ತೋರಿಸುತ್ತೆ ಅಂತ ಕೋಟಿಗಳ ಲೆಕ್ಕ ಹೇಳಿ ಮಾರುವ ಜಾಲಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯೋದೂ ಮಾರೋದೂ ಅಪರಾಧ.

ಹಾಗಾದರೆ ‘ಹೋದವರು ವಾಪಸ್ ಬರಲಿಲ್ಲ’ ಅನ್ನೋದು? ನನಗೆ ಈ ಭಾಗ ಪೂರ್ತಿ ಸುಳ್ಳು ಅನಿಸಲ್ಲ. ಕಾರಣ, ಹಗೇವು.

ನಗರದಲ್ಲಿ ಬೆಳೆದವರಿಗೆ ಗೊತ್ತಿರಲಿಕ್ಕಿಲ್ಲ. ಹಗೇವು ಅಂದರೆ ರಾಗಿ ತುಂಬಿಡೋಕೆ ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ. ಹುಲ್ಲು ಹಾಸಿ ರಾಗಿ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರ ಬಂದರೆ ವರ್ಷಗಳ ಹಿಂದಿನ ರಾಗಿಯೂ ಅಲ್ಲಿಂದ ಬರುತ್ತಿತ್ತು. ಆದರೆ ಕಾಳು ಉಸಿರಾಡುತ್ತೆ. ಮುಚ್ಚಿದ ಗುಂಡಿಯ ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ಆ ಅನಿಲ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ. ಬಾಯಿ ತೆರೆದ ಕೂಡಲೇ ಇಳಿದವನು ಕೂಗೋದಕ್ಕೂ ಮುಂಚೆ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ. ಮೇಲಿಂದ ನೋಡಿದವರಿಗೆ ಗಾಯ ಇಲ್ಲ, ರಕ್ತ ಇಲ್ಲ, ಹೆಣ ಮಾತ್ರ. ಸರ್ಪದ ಉಸಿರು ತಾಕಿತು ಅನ್ನದೆ ಇನ್ನೇನು ಅಂದಾರು? ಇದು ನನ್ನ ಊಹೆ, ಆದರೆ ಕೆಮಿಸ್ಟ್ರಿ ಊಹೆಯಲ್ಲ.

ಹಳ್ಳಿಯವರಿಗೆ ಇದರ ಮದ್ದು ಗೊತ್ತಿತ್ತು. ಆ ಗೆಳೆಯನ ಮನೆಗೆ ಹೋದಾಗ ಅವನ ಅಜ್ಜಿಯನ್ನು ಕೇಳಿದೆ, ‘ಅಜ್ಜೀ, ಹಗೇವಿಗೆ ಇಳಿಯೋಕೆ ಭಯ ಆಗ್ತಿರ್ಲಿಲ್ವಾ?’ ‘ಬಾಯಿ ತೆಗ್ದು ಗಾಳಿಯಾಡಕ್ ಬಿಡ್ತಿದ್ವಪ್ಪ. ಆಮೇಲೆ ದೀಪ ಇಳಿಬಿಡೋದು. ದೀಪ ಆರೋದ್ರೆ ಯಾರೂ ಇಳೀಬಾರ್ದು.’ ಸರ್ಪದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ಇದೇ ಸಾವು ಇವತ್ತಿಗೂ ನಗರದ ನೆಲದಡಿ ನಡೀತಿದೆ, ಮ್ಯಾನ್‌ಹೋಲ್‌ಗಳಲ್ಲಿ. ಅಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್. ಒಬ್ಬ ಬಿದ್ದ, ಎತ್ತಲು ಹೋದವನೂ ಬಿದ್ದ ಅನ್ನೋ ಸುದ್ದಿಯನ್ನು ನಾನೇ ಎಷ್ಟು ಸಲ ಓದಿದ್ದೀನೋ. 2013ರ ಕಾಯ್ದೆ ಮನುಷ್ಯರನ್ನು ಹಾಗೆ ರಕ್ಷಣಾ ಸಾಧನ ಇಲ್ಲದೆ ಇಳಿಸೋದನ್ನು ನಿಷೇಧಿಸಿದೆ; 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಇಳಿಯುವವರು ಯಾವ ಜಾತಿಯವರು ಅಂತ ಈ ಓದುಗರಿಗೆ ನಾನು ಹೇಳಬೇಕಿಲ್ಲ. ಅವರಿಗಾಗಿ ದೀಪ ಇಳಿಬಿಟ್ಟು ನೋಡುವಷ್ಟು ವ್ಯವಧಾನವೂ ಗುತ್ತಿಗೆದಾರರಿಗಿಲ್ಲ.

ನಿಧಿಯ ಕತೆ ಕೊಲ್ಲೋದು ಗುಂಡಿಯೊಳಗೆ ಮಾತ್ರ ಅಲ್ಲ. 2024ರ ಮಾರ್ಚ್‌ನಲ್ಲಿ ತುಮಕೂರು ಬಳಿಯ ಕುಚ್ಚಂಗಿ ಕೆರೆಯಲ್ಲಿ ಸುಟ್ಟ ಕಾರೊಳಗೆ ಮೂರು ಶವ ಸಿಕ್ಕವು. ಬೆಳ್ತಂಗಡಿಯಿಂದ ಬಂದವರು; ನಿಧಿಯ ಚಿನ್ನ ಅಗ್ಗಕ್ಕೆ ಕೊಡ್ತೀವಿ ಅಂತ ನಂಬಿಸಿ ಕರೆಸಿಕೊಂಡಿದ್ದರು ಅಂತ ಪೊಲೀಸರು ಹೇಳಿದರು. 2025ರ ಫೆಬ್ರುವರಿಯಲ್ಲಿ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಲ್ಲಿ ಚಪ್ಪಲಿ ಹೊಲಿದು ಬದುಕುತ್ತಿದ್ದ ವ್ಯಕ್ತಿಯ ಕೊಲೆಯಾಯಿತು. ನರಬಲಿ ಕೊಟ್ಟರೆ ನಿಧಿ ಸಿಗುತ್ತೆ ಅಂತ ಪಾವಗಡದ ಜ್ಯೋತಿಷಿಯೊಬ್ಬ ಹೇಳಿದ್ದ ಅನ್ನೋದು ಪೊಲೀಸರ ಆರೋಪ. ಎರಡರಲ್ಲೂ ಸರ್ಪ ಇರಲಿಲ್ಲ, ಮನುಷ್ಯರೇ ಇದ್ದರು.

ಕಾನೂನಿನ ವಿಷಯ ಚುಟುಕಾಗಿ. ನಿಧಿ ಹುಡುಕುವ ಹೆಸರಲ್ಲಿ ವಾಮಾಚಾರ ಮಾಡುವುದನ್ನು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧ ಮಾಡಿದೆ, ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಭೂಮಿಯಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನೋ ನಿಯಮ 1878ರಷ್ಟು ಹಳೆಯದು. ವೀರಗಲ್ಲು, ಶಾಸನದ ಕಲ್ಲು, ಬಸವಣ್ಣನ ವಿಗ್ರಹದ ಬುಡ ರಾತ್ರೋರಾತ್ರಿ ಅಗೆದಿರೋದು ಕಂಡರೆ 112ಕ್ಕೆ ಫೋನ್ ಮಾಡಿ, ತಹಶೀಲ್ದಾರ್‌ಗೂ ತಿಳಿಸಿ. ಹೊಲದಲ್ಲಿ ಹಳೇ ಹಗೇವು ಸಿಕ್ಕರೆ ಇಣುಕಿ ನೋಡೋಕೂ ಇಳಿಯಬೇಡಿ. ಅಜ್ಜಿಯ ದೀಪಕ್ಕೂ ಪತ್ತೆಯಾಗದ ಅನಿಲಗಳಿವೆ, ಅಗ್ನಿಶಾಮಕ ದಳದವರು ಬರಲಿ.