ಚಿನ್ನಕ್ಕೂ ಹರಳಿಗೂ ನಡುವೆ ಒಂದು ಇಂಗಾಲದ ಹಾಳೆ

ಊರಿನಿಂದ ಯಾರೇ ಮ್ಯಾಂಚೆಸ್ಟರಿಗೆ ಬಂದರೂ ಫುಟ್‌ಬಾಲ್ ಮೈದಾನ ತೋರಿಸಿದ ಮೇಲೆ ನಾನು ಅವರನ್ನು ವಿಶ್ವವಿದ್ಯಾಲಯದ ಕಡೆ ಕರೆದೊಯ್ಯುತ್ತೇನೆ. ಅಲ್ಲಿ ಕಪ್ಪು ಲೋಹದ ಹೊದಿಕೆಯ ಕಟ್ಟಡವೊಂದಿದೆ, ರಾಷ್ಟ್ರೀಯ ಗ್ರಾಫೀನ್ ಸಂಸ್ಥೆ. 2004ರಲ್ಲಿ ಇದೇ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟ್ ಚೂರಿಗೆ ಅಂಟುಪಟ್ಟಿ ಹಚ್ಚಿ ಕಿತ್ತು, ಮತ್ತೆ ಹಚ್ಚಿ ಮತ್ತೆ ಕಿತ್ತು, ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯನ್ನು ಬೇರ್ಪಡಿಸಿ ಅದರ ಗುಣಗಳನ್ನು ಅಳೆದರು. ಆರು ವರ್ಷದಲ್ಲಿ ನೊಬೆಲ್ ಬಂತು.

ತುಮಕೂರಿನಿಂದ ಬಂದಿದ್ದ ನಮ್ಮ ಭಾವ ಕತೆಯನ್ನೆಲ್ಲ ಕೇಳಿ, "ಸರಿ, ಇದರಿಂದ ಆದ ಉಪಯೋಗ ಏನು?" ಎಂದರು. ಮನೆಯ ತಾರಸಿಗೆ ಸೋಲಾರ್ ಹಾಕಿಸುವ ಯೋಚನೆಯಲ್ಲಿದ್ದರು ಅವರು. ಹಾಗಾಗಿ ನಾನು ಸೌರಕೋಶದ ದಾರಿಯಿಂದಲೇ ಉತ್ತರಕ್ಕೆ ಹೊರಟೆ.

ಆ ದಾರಿ ಶುರುವಾಗುವುದು ರಷ್ಯಾದ ಯೂರಲ್ ಬೆಟ್ಟಗಳಲ್ಲಿ. ಅಲ್ಲಿ ಸಿಕ್ಕ ಖನಿಜವೊಂದನ್ನು 1839ರಲ್ಲಿ ಜರ್ಮನಿಯ ಗುಸ್ತಾವ್ ರೋಸ್ ಪರೀಕ್ಷಿಸಿ, ಲೆವ್ ಪೆರೋವ್‌ಸ್ಕಿ ಎಂಬ ರಷ್ಯನ್ ಗಣ್ಯರ ಹೆಸರಿಟ್ಟರು. ಕ್ಯಾಲ್ಸಿಯಂ, ಟೈಟಾನಿಯಂ, ಆಮ್ಲಜನಕ ಸೇರಿದ ಕಲ್ಲು ಅದು. ಅದೇ ಬಗೆಯ ಪರಮಾಣು ಜೋಡಣೆ ಇರುವ ಹರಳುಗಳಿಗೆಲ್ಲ ಪೆರೋವ್‌ಸ್ಕೈಟ್ ಎಂಬ ಹೆಸರೇ ಉಳಿಯಿತು. ಬೆಂಗಳೂರಿನವರೇ ಆದ ಸಿ.ಎನ್.ಆರ್. ರಾವ್ ಈ ಜಾತಿಯ ಆಕ್ಸೈಡುಗಳ ಮೇಲೆ ದಶಕಗಳ ಕಾಲ ದುಡಿದರು, ಮುಂದೆ ಗ್ರಾಫೀನನ್ನೂ ಕೈಗೆತ್ತಿಕೊಂಡರು. ಆದರೆ ಸೂರ್ಯನ ಬೆಳಕನ್ನು ಹಿಡಿಯುವ ಪೆರೋವ್‌ಸ್ಕೈಟ್ ಬೇರೆ. ಅದರಲ್ಲಿರುವುದು ಸೀಸ, ಅಯೋಡಿನ್ ಮತ್ತು ಒಂದು ಸಾವಯವ ಅಣು. (ನಾವು ಸೀಸದ ಕಡ್ಡಿ ಎನ್ನುತ್ತಿದ್ದ ಪೆನ್ಸಿಲಿನಲ್ಲಿ ಸೀಸ ಇಲ್ಲವೇ ಇಲ್ಲ, ಇರುವುದು ಗ್ರಾಫೈಟ್. ನಿಜವಾದ ಸೀಸ ಇರುವುದು ಇಲ್ಲಿ.)

2009ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತ್ಸುತೊಮು ಮಿಯಾಸಾಕಾ ಅವರ ತಂಡದ ಅಕಿಹಿರೊ ಕೊಜಿಮಾ ಈ ಹರಳನ್ನು ಸೌರಕೋಶಕ್ಕೆ ಹಾಕಿದರು. ದಕ್ಷತೆ ಶೇ. 3.8. ಕೋಶದೊಳಗಿನ ದ್ರವವೇ ಹರಳನ್ನು ಕರಗಿಸುತ್ತಿದ್ದುದರಿಂದ ಅದು ಬಾಳಲಿಲ್ಲ, ಹೆಚ್ಚು ಜನ ಗಮನಿಸಲೂ ಇಲ್ಲ. 2012ರಲ್ಲಿ ಆಕ್ಸ್‌ಫರ್ಡಿನ ಹೆನ್ರಿ ಸ್ನೇತ್ ತಂಡ ಮತ್ತು ಕೊರಿಯಾದ ನಾಮ್-ಗ್ಯು ಪಾರ್ಕ್ ತಂಡ ದ್ರವದ ಬದಲು ಘನ ಪದರ ಬಳಸಿದ ಮೇಲೆ ದಕ್ಷತೆ ಶೇ. 10ರ ಆಸುಪಾಸಿಗೆ ಜಿಗಿಯಿತು. ಅಲ್ಲಿಂದ ಮುಂದೆ ಎಲ್ಲೆಡೆ ಅಂಕಿ ಏರಿಸುವ ಪೈಪೋಟಿ. ಆ ಏರಿಕೆಯ ಪಟ್ಟಿ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ತಾರಸಿಯ ಮೇಲೆ ಬೇಕಾದದ್ದು ಬಾಳಿಕೆ.

ಗ್ರಾಫೀನ್ ಒಳಬಂದದ್ದು ಮೊದಲು ಬೇರೊಂದು ಕೆಲಸಕ್ಕೆ. ಈ ಕೋಶ ಚಿರೋಟಿಯ ಹಾಗೆ ಪದರ ಪದರ. ನಡುವೆ ಹರಳು, ಒಂದು ಬದಿಯಲ್ಲಿ ಎಲೆಕ್ಟ್ರಾನುಗಳನ್ನು ಒಯ್ಯುವ ಟೈಟಾನಿಯಂ ಡೈಆಕ್ಸೈಡ್. ಆ ಪದರವನ್ನು ಸುಮಾರು 500 ಡಿಗ್ರಿಯಲ್ಲಿ ಸುಡಬೇಕಿತ್ತು. 2014ರಲ್ಲಿ ಆಕ್ಸ್‌ಫರ್ಡಿನಲ್ಲಿ ಅದಕ್ಕೆ ಗ್ರಾಫೀನ್ ಚೂರುಗಳನ್ನು ಬೆರೆಸಿದಾಗ 150 ಡಿಗ್ರಿಯೇ ಸಾಕಾಯಿತು, ದಕ್ಷತೆಯೂ ಶೇ. 15.6 ಬಂತು.

ಬಾಳಿಕೆಯ ಕತೆಯಲ್ಲಿ ಖಳನಾಯಕ ಸಿಕ್ಕಿದ್ದು ಯಾರೂ ಅನುಮಾನಿಸದ ಜಾಗದಲ್ಲಿ. ಕೋಶದ ಹಿಂಬದಿಗೆ ಚಿನ್ನದ ತೆಳು ಲೇಪವಿರುತ್ತದೆ. ಚಿನ್ನಕ್ಕೆ ತುಕ್ಕಿಲ್ಲ, ಕಲೆಯಿಲ್ಲ ಎಂದು ನಂಬಿ ಬೆಳೆದವರು ನಾವು. ಆದರೆ ಸುಮಾರು 70 ಡಿಗ್ರಿ ಶಾಖದಲ್ಲಿ ಆ ಚಿನ್ನದ ಪರಮಾಣುಗಳೇ ಪದರ ದಾಟಿ ಹರಳಿನೊಳಗೆ ನುಸುಳುತ್ತವೆ ಎಂದು 2016ರಲ್ಲಿ ತಿಳಿಯಿತು. ಬಿರುಬಿಸಿಲಲ್ಲಿ ಸೋಲಾರ್ ಫಲಕ ಅಷ್ಟು ಕಾಯುವುದು ನಮ್ಮ ಕಡೆ ವಿಶೇಷವೇನಲ್ಲ. ಮರುವರ್ಷ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮೈಕೆಲ್ ಗ್ರೆಟ್ಜೆಲ್ ಅವರ ಪ್ರಯೋಗಾಲಯದಲ್ಲಿ ನೇಹಾ ಅರೋರಾ, ಇಬ್ರಾಹಿಂ ದಾರ್ ಮತ್ತು ಸಂಗಡಿಗರು ದುಬಾರಿ ಸಾವಯವ ಪದರದ ಬದಲು ತಾಮ್ರದ ಥಯೋಸಯನೇಟ್ ಎಂಬ ಅಗ್ಗದ ಲವಣವನ್ನು ಹಚ್ಚಿದರು. ದಕ್ಷತೆ ಶೇ. 20 ದಾಟಿತು. ಆದರೂ ಬೆಳಕಿಗಿಟ್ಟರೆ ಕೋಶ ಬೇಗ ಸೊರಗುತ್ತಿತ್ತು. ತಪ್ಪು ಹರಳಿನ ಕಡೆ ಇರಲಿಲ್ಲ, ತಾಮ್ರದ ಲವಣ ಚಿನ್ನಕ್ಕೆ ತಾಗುವ ಕಡೆ ಇತ್ತು. ಅಲ್ಲಿಗೆ ಅಡ್ಡಲಾಗಿ ಅಪಕರ್ಷಿತ ಗ್ರಾಫೀನ್ ಆಕ್ಸೈಡಿನ ತೆಳುಪದರ ಇಟ್ಟರು. ವಿದ್ಯುತ್ತನ್ನು ಬಿಡುತ್ತದೆ, ಎರಡು ಪದಾರ್ಥಗಳನ್ನು ಒಂದಕ್ಕೊಂದು ತಾಗಲು ಬಿಡುವುದಿಲ್ಲ. 60 ಡಿಗ್ರಿಯಲ್ಲಿ, ಪೂರ್ಣ ಬೆಳಕಿನಲ್ಲಿ 1000 ಗಂಟೆ ಕಳೆದರೂ ಮೊದಲಿನ ದಕ್ಷತೆಯ ಶೇ. 95ಕ್ಕೂ ಹೆಚ್ಚು ಉಳಿದಿತ್ತು. ಅಂಟುಪಟ್ಟಿಯಿಂದ ಕಿತ್ತ ಪರಿಶುದ್ಧ ಹಾಳೆ ಇದಲ್ಲ. ರಾಸಾಯನಿಕವಾಗಿ ಮಾಡಿದ ಅದರ ಬಡ ಸೋದರ. ಆದರೆ ದ್ರಾವಣವಾಗಿ ಹಚ್ಚಲು ಬರುವುದು ಇದೇ.

ಪ್ರಯೋಗಾಲಯದಿಂದ ಬಯಲಿಗೂ ಬಂದಿದೆ. ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಗ್ರಾಫೀನ್ ಮತ್ತು ಅಂಥದೇ ತೆಳುಪದಾರ್ಥಗಳನ್ನು ಬಳಸಿದ ಒಂಬತ್ತು ಪೆರೋವ್‌ಸ್ಕೈಟ್ ಫಲಕಗಳನ್ನು ಬಿಸಿಲಿಗೆ ನಿಲ್ಲಿಸಿದರು. 2022ರಲ್ಲಿ ವರದಿ ಪ್ರಕಟವಾಯಿತು. ಒಟ್ಟು 4.5 ಚದರ ಮೀಟರಿನಿಂದ 250 ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು. ಅದರ ಅರ್ಧ ಜಾಗವೂ ಬೇಡದ ಒಂದೇ ಸಿಲಿಕಾನ್ ಫಲಕ ಇವತ್ತು 400 ವ್ಯಾಟ್ ಕೊಡುತ್ತದೆ.

ಭಾವ ಲೆಕ್ಕ ಹಾಕಿದರು. ದಿನಕ್ಕೆ ಐದು ಗಂಟೆ ಒಳ್ಳೆಯ ಬಿಸಿಲು ಎಂದರೆ 1000 ಗಂಟೆ ಅಂದರೆ 200 ದಿನ. ಸಿಲಿಕಾನಿನವರು 25 ವರ್ಷದ ಖಾತರಿ ಬರೆದುಕೊಡುತ್ತಾರೆ. "ಹಾಗಾದರೆ ನಾನು ಕಾಯಬೇಕೋ ಬೇಡವೋ?"

"ಕಾಯಬೇಡಿ ಭಾವ, ಈ ಬೇಸಿಗೆಗೇ ಸಿಲಿಕಾನ್ ಹಾಕಿಸಿ," ಎಂದೆ. ಹಾಕಿಸಿದ್ದಾರೆ. ಕರೆಂಟು ಬಿಲ್ಲಿನ ಫೋಟೊ ಪ್ರತಿ ತಿಂಗಳೂ ಬರುತ್ತದೆ, ಜೊತೆಗೆ ಒಂದು ಸಾಲು: "ನಿನ್ನ ಕಪ್ಪು ಕಟ್ಟಡದವರು ಎಲ್ಲಿಗೆ ಬಂದರು?"