‘ಪರ್‌ಹ್ಯಾಪ್ಸ್’ ಮತ್ತು ‘ಬಹುಶಃ’: ಪುಣೆಯ ಕೋಶಗಳ ಬೆಳಕಿನಲ್ಲಿ

ಇಂಗ್ಲಿಷಿನ ‘ಪರ್‌ಹ್ಯಾಪ್ಸ್’ ಎಂಬ ಕ್ರಿಯಾವಿಶೇಷಣಕ್ಕೆ ಕನ್ನಡದಲ್ಲಿ ‘ಬಹುಶಃ’ ಎಂದು ಬರೆಯುವುದು ರೂಢಿ. ಆದರೆ ಈ ಎರಡರ ಹುಟ್ಟು ಬೇರೆ ಬೇರೆ. ಇಂಗ್ಲಿಷ್ ಶಬ್ದ ಒಂದು ಬೆಸುಗೆ: ಲ್ಯಾಟಿನ್ ಮೂಲದ ‘ಪರ್’ಗೆ ಪ್ರಾಚೀನ ನಾರ್ಸ್ ಭಾಷೆಯ, ಅದೃಷ್ಟವೆಂಬರ್ಥದ ‘ಹ್ಯಾಪ್’ ಸೇರಿದೆ. ‘ಹ್ಯಾಪನ್’, ‘ಹ್ಯಾಪಿ’ಗಳೂ ಇದೇ ಬೇರಿನವು. 15–16ನೆಯ ಶತಮಾನಗಳಲ್ಲಿ ರೂಪುಗೊಂಡ ಇದು ‘ಪರ್‌ಚಾನ್ಸ್’, ‘ಪರಡ್ವೆಂಚರ್’ ಎಂಬ ಹಿರಿಯ ಶಬ್ದಗಳನ್ನು ಕ್ರಮೇಣ ಬದಿಗೊತ್ತಿತು. ಮೂರರ ತಿರುಳೂ ಆಕಸ್ಮಿಕತೆಯೇ.

‘ಬಹುಶಃ’ದ ತಿರುಳು ಪ್ರಮಾಣ. ಬಹು, ಅಲ್ಪ ಎಂಬರ್ಥದ ಶಬ್ದಗಳಿಗೆ ‘ಶಸ್’ ಪ್ರತ್ಯಯವನ್ನು ಪಾಣಿನಿ ವಿಧಿಸಿದ್ದಾನೆ (5.4.42). 1890ರಲ್ಲಿ ಪುಣೆಯಲ್ಲಿ ಪ್ರಕಟವಾದ ವಾಮನ ಶಿವರಾಮ ಆಪ್ಟೆಯವರ ಸಂಸ್ಕೃತ–ಇಂಗ್ಲಿಷ್ ಕೋಶವು ಇದಕ್ಕೆ ಹೇರಳವಾಗಿ, ಮತ್ತೆ ಮತ್ತೆ, ಸಾಮಾನ್ಯವಾಗಿ ಎಂಬ ಅರ್ಥಗಳನ್ನು ಕೊಡುತ್ತದೆ; ಸಂದೇಹಾರ್ಥವನ್ನಲ್ಲ. ‘ಪ್ರಾಯಃ’ ಎಂಬುದಕ್ಕಾದರೋ ‘ಹೆಚ್ಚಾಗಿ’ ಎಂಬುದರೊಡನೆ ಸಂಭವದ ಅರ್ಥವೂ ಉಂಟು. ಹೆಚ್ಚು ಸಲ ನಡೆದದ್ದು ಈಗಲೂ ನಡೆದೀತೆಂಬ ಊಹೆಯೇ ಈ ಪಲ್ಲಟದ ದಾರಿ. ಪುಣೆಯ ಆಡುಮಾತಾದ ಮರಾಠಿಯಲ್ಲಿಯೂ ‘ಬಹುತೇಕ’ ಎಂಬುದು ‘ಹೆಚ್ಚಿನ’ ಎಂಬರ್ಥದಿಂದ ‘ಬಹುಮಟ್ಟಿಗೆ ಹೀಗೇ’ ಎಂಬ ಸಂಭವಾರ್ಥಕ್ಕೆ ಸರಿದಿದೆ. ಕನ್ನಡದ ‘ಬಹುಶಃ’ವು ‘ಪ್ರಾಯಶಃ’ದ ಜಾಡಿನಲ್ಲಿ ನಡೆಯಿತೆಂಬುದು ನಮ್ಮ ಅಭಿಪ್ರಾಯ. ‘ಬರು’ ಧಾತುವಿನಿಂದ ಬಂದ, ಸಂಭವವನ್ನೇ ಹೇಳುವ ‘ಬಹುದು’ ಎಂಬ ದೇಶ್ಯ ರೂಪದ ಧ್ವನಿಸಾಮ್ಯವೂ ಇದಕ್ಕೆ ನೆರವಾಗಿದ್ದೀತು. ವ್ಯುತ್ಪತ್ತಿಯಲ್ಲಿ ಎರಡಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ಉಂಟು.

ಈ ಭೇದ ಕೇವಲ ಕುತೂಹಲದ್ದಲ್ಲ. ಸಂಸ್ಕೃತ ಗ್ರಂಥದ ‘ಬಹುಶಃ’ವನ್ನು ಇಂದಿನ ಕನ್ನಡದ ಅರ್ಥದಲ್ಲಿ ಓದಿದರೆ, ಗ್ರಂಥಕಾರನು ಪದೇ ಪದೇ ನಡೆಯಿತೆಂದು ಹೇಳಿದ್ದು ನಡೆದಿರಬಹುದೆಂದಾಗುತ್ತದೆ; ಸಾಕ್ಷ್ಯವೇ ಶಂಕೆಯಾಗುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ತರುವವರಿಗೆ ತೊಡಕು ಇನ್ನೊಂದು ಬಗೆಯದು. ನಮ್ಮ ‘ಬಹುಶಃ’ವು ‘ಪರ್‌ಹ್ಯಾಪ್ಸ್’ನ ಬರಿಯ ಸಾಧ್ಯತೆಯನ್ನೂ ‘ಪ್ರಾಬಬ್ಲಿ’ಯ ಬಲವಾದ ಸಂಭವವನ್ನೂ ಒಟ್ಟಿಗೆ ಹೊರುತ್ತದೆ. ಶಾಸನದ ಕಾಲನಿರ್ಣಯದಂಥ ವಿಷಯದಲ್ಲಿ ಲೇಖಕನ ಭರವಸೆ ಎಷ್ಟೆಂಬುದನ್ನು ಸಂದರ್ಭದಿಂದಲೇ ತೂಗಬೇಕು. ‘ಪರ್‌ಹ್ಯಾಪ್ಸ್’ ಎಂದೇ ಎಲ್ಲೆಡೆ ಬರೆಯುವುದು ಸಲ್ಲದು.

ಇಂಥ ಪಲ್ಲಟಗಳ ಕಾಲಕ್ರಮವನ್ನು ತೋರಬಲ್ಲ ಮಹಾಕೋಶವೂ ಪುಣೆಯದೇ. ಎಸ್. ಎಂ. ಕತ್ರೆಯವರು 1948ರಲ್ಲಿ ಡೆಕ್ಕನ್ ಕಾಲೇಜಿನಲ್ಲಿ ಆರಂಭಿಸಿದ ಸಂಸ್ಕೃತ ಐತಿಹಾಸಿಕ ಕೋಶಯೋಜನೆಗಾಗಿ ಸುಮಾರು 1500 ಗ್ರಂಥಗಳಿಂದ ಒಂದು ಕೋಟಿಯಷ್ಟು ಚೀಟಿಗಳು ಸಿದ್ಧವಾದವು. 1976ರಲ್ಲಿ ಎ. ಎಂ. ಘಾಟಗೆಯವರ ಸಂಪಾದಕತ್ವದಲ್ಲಿ ಮೊದಲ ಸಂಪುಟದ ಪ್ರಕಟಣೆ ಆರಂಭವಾಯಿತು. 2022ರ ವೇಳೆಗೆ 35 ಸಂಪುಟಗಳಾದರೂ ಅವು ಅಕಾರಾದಿ ಶಬ್ದಗಳನ್ನು ದಾಟಿರಲಿಲ್ಲ. ಬಕಾರ ಬಹುದೂರ. ಅಲ್ಲಿಯವರೆಗೆ ‘ಬಹುಶಃ’ದ ಚರಿತ್ರೆಯನ್ನು ಬಯಸುವ ಸಂಶೋಧಕನು ಅಚ್ಚಾದ ಸಂಪುಟಗಳನ್ನಲ್ಲ, ಆ ಚೀಟಿಗಳ ಪೆಟ್ಟಿಗೆಗಳನ್ನೇ ಆಶ್ರಯಿಸಬೇಕು.