ಬಿದ್ದ ಹಿರಿಯರ ಕರೆ ಯಾರಿಗೆ ಕೇಳುತ್ತದೆ?

ವಯಸ್ಸಾದವರು ಬಿದ್ದರೆ ಮೂಳೆ ಮುರಿಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಆದರೆ ಬಿದ್ದವರು ಮೇಲೇಳಲಾಗದೆ ಗಂಟೆಗಟ್ಟಲೆ ನೆಲದ ಮೇಲೇ ಉಳಿದರೆ ಏನಾಗುತ್ತದೆ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ವೃದ್ಧರ ಚಿಕಿತ್ಸೆಯ ತಜ್ಞ ಬರ್ನಾರ್ಡ್ ಐಸಾಕ್ಸ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಮನೆಯಲ್ಲಿ ಬಿದ್ದ 125 ಮಂದಿ ಹಿರಿಯರ ವಿವರಗಳನ್ನು 1981ರಲ್ಲಿ ಪ್ರಕಟಿಸಿದರು. ಒಂದು ಗಂಟೆಗೂ ಹೆಚ್ಚು ಕಾಲ ನೆಲದ ಮೇಲೆ ಬಿದ್ದಿದ್ದವರಲ್ಲಿ ಅರ್ಧದಷ್ಟು ಜನ ಆರು ತಿಂಗಳೊಳಗೆ ತೀರಿಕೊಂಡಿದ್ದರು!

ಇದಕ್ಕೆ ಕಾರಣಗಳುಂಟು. ದೇಹದ ಭಾರವೆಲ್ಲ ಒಂದೇ ಕಡೆ ಬಿದ್ದಾಗ ಸ್ನಾಯುಕೋಶಗಳು ನಾಶವಾಗುತ್ತವೆ. ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ಚರ್ಮದಲ್ಲಿ ಹುಣ್ಣಾಗುತ್ತದೆ, ನೀರಿಲ್ಲದೆ ದೇಹ ಒಣಗುತ್ತದೆ, ಚಳಿ ದೇಶಗಳಲ್ಲಿ ಮೈ ತಣ್ಣಗಾಗುತ್ತದೆ. ಏಳಲಾರದವರು ಮೊದಲೇ ನಿಶ್ಶಕ್ತರಾಗಿದ್ದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗಿದ್ದರೂ ಸಹಾಯ ಬೇಗ ತಲುಪಿದಷ್ಟೂ ಒಳ್ಳೆಯದು ಎಂಬುದರಲ್ಲಿ ಅನುಮಾನವಿಲ್ಲ.

ಹಾಗಾದರೆ ಸಹಾಯ ಕರೆಯುವುದು ಹೇಗೆ? ಅಮೆರಿಕದ ಬಾಸ್ಟನ್‌ನಲ್ಲಿ ಮನಶ್ಶಾಸ್ತ್ರಜ್ಞ ಆಂಡ್ರೂ ಡಿಬ್ನರ್ 1970ರ ದಶಕದಲ್ಲಿ ಇದಕ್ಕೊಂದು ಉಪಾಯ ಹುಡುಕಿದರು. ಕೊರಳಲ್ಲಿ ಧರಿಸುವ ಪುಟ್ಟ ಗುಂಡಿಯೊಂದನ್ನು ಒತ್ತಿದರೆ ರೇಡಿಯೊ ಸಂಕೇತ ಹೊರಟು, ಮನೆಯ ದೂರವಾಣಿಗೆ ಜೋಡಿಸಿದ ಪೆಟ್ಟಿಗೆ ತಾನೇ ಸಹಾಯ ಕೇಂದ್ರಕ್ಕೆ ಕರೆ ಮಾಡುತ್ತಿತ್ತು. ಲೈಫ್‌ಲೈನ್ ಎಂಬ ಹೆಸರಿನ ಈ ವ್ಯವಸ್ಥೆಯ ಮೊದಲ ಮಾದರಿಗಳಲ್ಲಿ ಇನ್ನೊಂದು ಜಾಣತನವಿತ್ತು. ಪೆಟ್ಟಿಗೆಯೊಳಗಿನ ಗಡಿಯಾರವು ಮನೆಯವರು ದೂರವಾಣಿ ಬಳಸಿದಾಗಲೆಲ್ಲ ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತಿತ್ತು. ಗೊತ್ತುಮಾಡಿದ ಅವಧಿಯವರೆಗೆ ದೂರವಾಣಿಯನ್ನು ಯಾರೂ ಮುಟ್ಟದಿದ್ದರೆ ಪೆಟ್ಟಿಗೆಯೇ ಎಚ್ಚರಿಕೆ ಕೊಡುತ್ತಿತ್ತು. ಗುಂಡಿ ಮಾತ್ರ ಪ್ರಪಂಚದಲ್ಲೆಲ್ಲ ಹೆಸರಾಯಿತು. ನನಗೆ ಹೆಚ್ಚು ಮುಖ್ಯವೆನಿಸುವುದು ಈ ಗಡಿಯಾರ. ಏಕೆಂದರೆ ಅದು ಹಿರಿಯರಿಂದ ಏನನ್ನೂ ಕೇಳುವುದಿಲ್ಲ.

ಗುಂಡಿಯ ಮಿತಿ ಏನೆಂಬುದು ಕೇಂಬ್ರಿಜ್‌ನಲ್ಲಿ ನಡೆದ ಇನ್ನೊಂದು ಅಧ್ಯಯನದಿಂದ ತಿಳಿದುಬಂತು. ಜೇನ್ ಫ್ಲೆಮಿಂಗ್ ಮತ್ತು ಕ್ಯಾರಲ್ ಬ್ರೇನ್ 90 ದಾಟಿದ 110 ಮಂದಿಯನ್ನು ಒಂದು ವರ್ಷ ಗಮನಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಆ ವರ್ಷ ಬಿದ್ದವರು 66 ಮಂದಿ. ಅವರಲ್ಲಿ 53 ಮಂದಿಗೆ ಒಮ್ಮೆಯಾದರೂ ತಾವಾಗಿ ಏಳಲು ಆಗಿರಲಿಲ್ಲ. 20 ಮಂದಿ ಒಂದು ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ನೆಲದ ಮೇಲಿದ್ದರು. ಕರೆ ಸಾಧನಗಳೇನೋ ಸಾಕಷ್ಟು ಕಡೆ ಇದ್ದವು. ಆದರೆ ದೀರ್ಘಕಾಲ ಬಿದ್ದಿದ್ದ ಹೆಚ್ಚಿನ ಸಂದರ್ಭಗಳಲ್ಲಿ ಅವನ್ನು ಬಳಸಿರಲಿಲ್ಲ. ಸ್ನಾನಕ್ಕೆ ಹೋಗುವಾಗ ಕಳಚಿಟ್ಟ ಗುಂಡಿ ಬಚ್ಚಲಲ್ಲಿ ಜಾರಿದವರ ಕೈಗೆ ಸಿಗುವುದಿಲ್ಲ. ಪ್ರಜ್ಞೆ ತಪ್ಪಿದವರು ಒತ್ತಲಾರರು. ಇನ್ನು "ಪಾಪ, ಅವರಿಗ್ಯಾಕೆ ತೊಂದರೆ, ಸ್ವಲ್ಪ ಹೊತ್ತಿಗೆ ನಾನೇ ಏಳುತ್ತೇನೆ" ಎನ್ನುವ ಅಜ್ಜಿಯರನ್ನು ನೀವೂ ನೋಡಿರುತ್ತೀರಿ.

ಇದೇ ಸಮಸ್ಯೆಗೆ ಜಪಾನಿನಿಂದ ಬಂದ ಉತ್ತರ ಸ್ವಾರಸ್ಯಕರವಾಗಿದೆ. 1996ರಲ್ಲಿ ಟೋಕಿಯೋದ ಇಕೆಬುಕುರೊ ಪ್ರದೇಶದಲ್ಲಿ ವೃದ್ಧ ತಾಯಿ ಮತ್ತು ಕಾಯಿಲೆಯ ಮಗ ಮನೆಯೊಳಗೇ ಸತ್ತಿದ್ದರು. ಎಷ್ಟೋ ದಿನ ಅದು ಯಾರಿಗೂ ತಿಳಿದಿರಲಿಲ್ಲ. ಈ ಸುದ್ದಿ ದೇಶವನ್ನೇ ಕಲಕಿತು. ದಿನವೂ ಬಳಸುವ ವಸ್ತುವಿನಿಂದಲೇ ಇಂಥವರ ಸುಳಿವು ಪಡೆಯಬಹುದಲ್ಲವೇ ಎಂಬ ಆಲೋಚನೆ ಆಗ ಮೂಡಿತು. ಜಪಾನಿನ ಮನೆಗಳಲ್ಲಿ ಚಹಾಕ್ಕಾಗಿ ನೀರನ್ನು ಕುದಿಸಿ ದಿನವಿಡೀ ಬಿಸಿಯಾಗಿಯೇ ಇಡುವ ವಿದ್ಯುತ್ ಪಾತ್ರೆ ಸಾಮಾನ್ಯ. ಅದನ್ನು ತಯಾರಿಸುವ ಜೋಜಿರುಶಿ ಕಂಪನಿಯು 2001ರಲ್ಲಿ 'ಐ-ಪಾಟ್' ಎಂಬ ಪಾತ್ರೆಯನ್ನು ಹೊರತಂದಿತು. ನೀರು ಬಗ್ಗಿಸಿಕೊಂಡಾಗ ಒಳಗಿನ ರೇಡಿಯೊ ಉಪಕರಣ ಅದನ್ನು ತಿಳಿಸುತ್ತಿತ್ತು. ದೂರದ ಊರಿನಲ್ಲಿರುವ ಮಗನಿಗೋ ಮಗಳಿಗೋ ಅದರ ವಿವರ ಇ-ಮೇಲ್ ಮೂಲಕ ಹೋಗುತ್ತಿತ್ತು. ಅಲ್ಲಿ ಕ್ಯಾಮೆರಾ ಇರಲಿಲ್ಲ, ಗುಂಡಿಯನ್ನು ಧರಿಸಬೇಕಾಗಿರಲಿಲ್ಲ. ಅಮ್ಮ ಚಹಾ ಕುಡಿದರು, ಅಷ್ಟೇ ಸುದ್ದಿ!

ಇದೇನು ಹೊಸ ತತ್ತ್ವ ಎನ್ನುತ್ತೀರಾ? ಬೆಳಗ್ಗೆ ಎಂಟಾದರೂ ಎದುರುಮನೆಯ ಬಾಗಿಲಲ್ಲಿ ರಂಗೋಲಿ ಕಾಣದಿದ್ದರೆ, ಹಾಲಿನ ಪ್ಯಾಕೆಟ್ಟು ಚೀಲದಲ್ಲೇ ಉಳಿದಿದ್ದರೆ ನಮ್ಮ ಬೀದಿಗಳಲ್ಲೂ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಾರೆ. ಬರಬೇಕಾದ ಸಂಕೇತ ಬಾರದಿರುವುದೂ ಒಂದು ಸಂಕೇತ. ಆದರೆ ಈ ವಿಧಾನ ನಿಧಾನ. ಸಂಜೆ ಏಳಕ್ಕೆ ಬಿದ್ದವರ ಬಗ್ಗೆ ಮರುದಿನ ಬೆಳಗಿನ ಚಹಾದವರೆಗೆ ಪಾತ್ರೆ ಏನೂ ಹೇಳಲಾರದು. ಗಂಟೆಯೊಳಗೆ ತಿಳಿಯಬೇಕಾದರೆ ಬೀಳುವಿಕೆಯನ್ನೇ ಗುರುತಿಸಬೇಕು.

ಈ ಕೆಲಸಕ್ಕೆ ಬೇಕಾದ ಸಂವೇದಕ ಬಂದದ್ದು ಕಾರುಗಳಿಂದ. ಡಿಕ್ಕಿಯಾದ ಕ್ಷಣ ಗಾಳಿಚೀಲ ಉಬ್ಬಿಸಲೆಂದು 1990ರ ದಶಕದಲ್ಲಿ ಸಿಲಿಕಾನ್ ವೇಗೋತ್ಕರ್ಷಮಾಪಕಗಳು ಬಳಕೆಗೆ ಬಂದವು. ಇದರೊಳಗೆ ಸೂಕ್ಷ್ಮ ಸ್ಪ್ರಿಂಗುಗಳ ಮೇಲೆ ನಿಂತ ಸಿಲಿಕಾನ್ ತುಣುಕೊಂದಿದೆ. ಅದು ಅಲುಗಿದರೆ ಪಕ್ಕದ ಫಲಕಗಳ ನಡುವಿನ ಅಂತರ ಬದಲಾಗಿ ವಿದ್ಯುತ್ ಧಾರಕತೆಯೂ ಬದಲಾಗುತ್ತದೆ. ಮೇಜಿನ ಮೇಲೆ ಸುಮ್ಮನಿದ್ದಾಗ ಮಾಪಕ 9.8 ಮೀ/ಸೆ² ತೋರಿಸುತ್ತದೆ. ಮುಕ್ತವಾಗಿ ಬೀಳುವಾಗ ಸೊನ್ನೆ ತೋರಿಸುತ್ತದೆ. ಅಂದರೆ ಅದು ಅಳೆಯುವುದು ಗುರುತ್ವವನ್ನಲ್ಲ, ಆಸರೆಯ ಒತ್ತನ್ನು. ಮೊದಲು ಇಳಿಕೆ, ಬಳಿಕ ಹಠಾತ್ ಏರಿಕೆ, ಆಮೇಲೆ ಅಡ್ಡ ಮಲಗಿದ ಭಂಗಿಯಲ್ಲಿ ನಿಶ್ಚಲತೆ. ಈ ಮೂರೂ ಕ್ರಮವಾಗಿ ಕಂಡರೆ ವ್ಯಕ್ತಿ ಬಿದ್ದಿದ್ದಾನೆ ಎಂದು ಉಪಕರಣ ತೀರ್ಮಾನಿಸಬಹುದು. 2018ರಲ್ಲಿ ಆಪಲ್ ಕಂಪನಿಯ ಕೈಗಡಿಯಾರದಲ್ಲೂ ಇಂಥ ಸೌಲಭ್ಯ ಬಂತು.

ಪ್ರಯೋಗಾಲಯದಲ್ಲಿ ಯುವ ಸ್ವಯಂಸೇವಕರನ್ನು ಹಾಸಿಗೆಯ ಮೇಲೆ ಬೀಳಿಸಿ ಪರೀಕ್ಷಿಸಿದಾಗ ಇಂಥ ಸೂತ್ರಗಳು ಚೆನ್ನಾಗಿಯೇ ಕೆಲಸ ಮಾಡಿದ್ದವು. 2012ರಲ್ಲಿ ಯುರೋಪಿನ ಸಂಶೋಧಕರು ಆವರೆಗೆ ಪ್ರಕಟವಾಗಿದ್ದ 13 ಸೂತ್ರಗಳನ್ನು ನಿಜಜೀವನದ 29 ಬೀಳುವಿಕೆಗಳ ದಾಖಲೆಯ ಮೇಲೆ ಪ್ರಯೋಗಿಸಿ ನೋಡಿದರು. ಸರಾಸರಿ 57 ಶೇಕಡ ಮಾತ್ರ ಪತ್ತೆಯಾದವು!

ಏಕೆ ಹೀಗೆ? ತರಗತಿಯಲ್ಲೇ ನೋಡಬಹುದು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ರೂಪಿಸಿದ 'ಫೈಫಾಕ್ಸ್' ಎಂಬ ಉಚಿತ ಆ್ಯಪ್ ಮೊಬೈಲಿನ ವೇಗೋತ್ಕರ್ಷಮಾಪಕದ ಅಳತೆಯನ್ನು ಗ್ರಾಫ್ ಆಗಿ ತೋರಿಸುತ್ತದೆ. ಗುರುತ್ವ ಸೇರಿದ ವೇಗೋತ್ಕರ್ಷದ ಪ್ರಯೋಗವನ್ನು ಆರಿಸಿ, ಮೊಬೈಲನ್ನು ಒಂದು ಮೀಟರ್ ಎತ್ತರದಿಂದ ದಪ್ಪ ದಿಂಬುಗಳ ಮೇಲೆ ಬಿಡಿ. ಸುಮಾರು 0.45 ಸೆಕೆಂಡು ರೇಖೆ ಸೊನ್ನೆಯ ಬಳಿ ಇಳಿದು, ಬಳಿಕ ಥಟ್ಟನೆ ಮೇಲೇರುತ್ತದೆ. ಈಗ ಅದೇ ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು, ಗೋಡೆ ಹಿಡಿದು ನಿಧಾನವಾಗಿ ನೆಲಕ್ಕೆ ಕುಸಿಯಿರಿ. ಮಂಚದಂಚಿನಿಂದ ಜಾರುವ ಅಜ್ಜ ಕುಸಿಯುವುದೂ ಹೆಚ್ಚುಕಡಿಮೆ ಹೀಗೆಯೇ. ರೇಖೆ ಸೊನ್ನೆಯ ಹತ್ತಿರಕ್ಕೂ ಹೋಗುವುದಿಲ್ಲ.